ಪದ ಪರಿಚಯ: ಮೆದುಚಿಪ್ಪಿನ ಆಮೆ

ಮೆದುಚಿಪ್ಪು ಅಂದರೆ ಚಿಪ್ಪೇ ಇಲ್ಲ ಅಂತಲ್ಲ. ಬೆನ್ನಿನ ನಡುವೆ ಗಟ್ಟಿ ಎಲುಬು ಇದ್ದೇ ಇರುತ್ತದೆ. ತೋಟದ ಕೆರೆಯಲ್ಲಿ ಕಾಣುವ ಕರಿ ಆಮೆಗೆ ಆ ಎಲುಬಿನ ಮೇಲೆ ಬಿಲ್ಲೆಗಳ ಕವಚ ಇರುತ್ತದೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೂ ಅದರಿಂದಲೇ ಆದದ್ದು. ಮೆದುಚಿಪ್ಪಿನ ಆಮೆಗೆ ಈ ಬಿಲ್ಲೆಗಳಿಲ್ಲ, ಬರೀ ತೊಗಲು. ಅಂಚಿನಲ್ಲಂತೂ ಎಲುಬೂ ಇಲ್ಲ. ಹಾಗಾಗಿ ಅಂಚು ನೀರುದೋಸೆಯ ಹಾಗೆ ಬಾಗುತ್ತದೆ.

ಗಟ್ಟಿ ಕವಚ ಬಿಟ್ಟುಕೊಟ್ಟು ಇದಕ್ಕೆ ಸಿಕ್ಕಿದ್ದೇನು? ಹೊಳೆತಳದ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಅಡಗುವ ಅನುಕೂಲ. ಚಪ್ಪಟೆ ಮೈಯನ್ನು ನಾಲ್ಕು ಸಲ ಅಲುಗಾಡಿಸಿದರೆ ಸಾಕು, ಆಮೆ ಮಾಯ. ನೀರು ಆಳ ಇಲ್ಲದ ಕಡೆ ಹೂತ ಜಾಗದಿಂದಲೇ ಕತ್ತು ಉದ್ದ ಮಾಡಿ, ಮೂಗಿನ ತುದಿ ಮಾತ್ರ ಮೇಲೆತ್ತಿ ಉಸಿರಾಡುತ್ತದೆ. ತೊಗಲು ಮತ್ತು ಗಂಟಲಿನ ಒಳಪೊರೆಯ ಮೂಲಕ ನೀರಿನ ಆಮ್ಲಜನಕವನ್ನೂ ಸ್ವಲ್ಪ ಹೀರಿಕೊಳ್ಳುತ್ತದೆ. ಅದಕ್ಕೇ ಪದೇ ಪದೇ ಮೇಲೆ ಬರುವ ಗೋಜಿಲ್ಲ.

ಈ ಕುಟುಂಬದ ದೈತ್ಯ ಕ್ಯಾಂಟರ್ ಆಮೆ. ಇದರ ಬೆನ್ನೇ ಸುಮಾರು 1 ಮೀಟರ್ ಉದ್ದ ಬೆಳೆಯಬಹುದು. ತಲೆ ಅಗಲ, ಕಣ್ಣುಗಳು ಮೂತಿಯ ತುದಿಗೆ ಹತ್ತಿರ. ನೋಡಿದರೆ ಕಪ್ಪೆ ಮುಖ! ಕಣ್ಣು, ಮೂಗು ಮಾತ್ರ ಹೊರಗಿಟ್ಟು ಗಂಟೆಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಮೀನೋ ಏಡಿಯೋ ಹತ್ತಿರ ಬಂದರೆ ತಟ್ಟನೆ ಕತ್ತು ಚಾಚಿ ಹಿಡಿಯುತ್ತದೆ.

ಕ್ಯಾಂಟರ್ ಆಮೆ ಅಳಿವೆಯ ಉಪ್ಪುನೀರಿಗೂ ಇಳಿಯುತ್ತದೆ. ಮಂಗಳೂರಿನ ಕಡಲಬದಿಯ ಬೆಂಗ್ರೆ, ತಣ್ಣೀರುಬಾವಿ ಕಡೆಯವರಿಗೆ ಕಡಲಾಮೆ ಪರಿಚಿತ, ಅಲ್ವಾ? ಎರಡನ್ನೂ ಕಾಲು ನೋಡಿ ಬೇರ್ಪಡಿಸಬಹುದು. ಕಡಲಾಮೆಯ ಕಾಲು ದೋಣಿಯ ಹುಟ್ಟಿನಂತೆ ಇರುತ್ತದೆ. ಮೆದುಚಿಪ್ಪಿನದಕ್ಕೆ ಜಾಲಪಾದ, ಒಂದೊಂದರಲ್ಲೂ ಮೂರು ಉಗುರು.

ಮಂಗಳೂರಿನಿಂದ ತೆಂಕಕ್ಕೆ ಹೋದರೆ ಕಾಸರಗೋಡಿನ ಚಂದ್ರಗಿರಿ ಹೊಳೆ. ಸುಳ್ಯದ ಪಯಸ್ವಿನಿ ಹೋಗಿ ಸೇರುವುದು ಇದನ್ನೇ. ಅಲ್ಲಿ ಕ್ಯಾಂಟರ್ ಆಮೆ ಮೊಟ್ಟೆಯಿಡುವುದು ಸಂಶೋಧಕರಿಗೆ ಗೊತ್ತಾಗಿದ್ದು ಹೊಳೆಬದಿಯವರ ಮಾತಿನಿಂದ. ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ನೀರು ನುಗ್ಗಿದ ಗೂಡುಗಳ ಮೊಟ್ಟೆಗಳನ್ನು ಕಾಪಾಡಿ, ಮರಿ ಮಾಡಿಸಿ ಹೊಳೆಗೇ ಬಿಟ್ಟರು. ವಿಜ್ಞಾನಿಗಳ ಉಪಕರಣಕ್ಕಿಂತ ಬಲೆ ಹಾಕುವವರ ಕಣ್ಣು ಇಲ್ಲಿ ಜಾಸ್ತಿ ಕೆಲಸ ಮಾಡಿತು ಅಂತ ನನಗನಿಸುತ್ತದೆ.

ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯಲ್ಲಿ ಕ್ಯಾಂಟರ್ ಆಮೆ ಅಳಿವಿನ ಅಂಚಿಗೆ ಬಂದ ಜೀವಿ. ಮಾಂಸಕ್ಕಾಗಿ ಹಿಡಿಯುವುದು, ಗಾಳಕ್ಕೆ ಸಿಕ್ಕಿಕೊಳ್ಳುವುದು ಒಂದು ಕಡೆ. ಆದರೆ ನಮ್ಮ ಕಡೆ ಮೊದಲು ಮಾತಾಡಬೇಕಾದದ್ದು ಹೊಯ್ಗೆಯ ಬಗ್ಗೆ. ಅಡಗುವುದು ಹೊಯ್ಗೆಯಲ್ಲಿ, ಮೊಟ್ಟೆಯಿಡುವುದೂ ದಡದ ಹೊಯ್ಗೆಯಲ್ಲಿ. ಹೊಳೆಯಿಂದ ಅದನ್ನು ಲೋಡುಗಟ್ಟಲೆ ತೆಗೆದರೆ ಆಮೆಗೆ ಮನೆಯೂ ಇಲ್ಲ, ಬಾಣಂತಿಕೋಣೆಯೂ ಇಲ್ಲ.

ಇದನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಲೆಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಹೆಸರಲ್ಲಿ ಮೆದು ಇದೆ ಅಂತ ಕೈ ಮಾತ್ರ ಹತ್ತಿರ ಒಯ್ಯಬೇಡಿ. ಕತ್ತು ಉದ್ದ, ಕಚ್ಚುವುದೂ ಜೋರು.