ಮುದ್ರೆ ಅರಮನೆಯದು, ಒಕ್ಕಣೆ ಬಿಷಪರದು

ಬೈಜಾಂಟಿಯಂನ, ಎಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಮೊದಲ ಶತಮಾನಗಳ ಧರ್ಮಕಲಹವನ್ನು ಚಕ್ರವರ್ತಿಗೂ ಚರ್ಚಿಗೂ ನಡೆದ ಜಗ್ಗಾಟವೆಂದು ಓದುವ ರೂಢಿಯಿದೆ. ಆದರೆ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಿಂದ ಹೊರಟ ಧಾರ್ಮಿಕ ಶಾಸನಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಮುದ್ರೆ ಅರಮನೆಯದಾಗಿದ್ದರೂ ಹಿಂದಿನ ಬುದ್ಧಿ ಬಹುಪಾಲು ಒಬ್ಬ ಬಿಷಪನದೇ ಆಗಿರುವುದು ಕಾಣುತ್ತದೆ.

325ರಲ್ಲಿ ನಿಕಾಯಾದಲ್ಲಿ ಬಿಷಪರ ಮಹಾಸಭೆ ಕರೆದವನು ಚಕ್ರವರ್ತಿ ಕಾನ್‌ಸ್ಟಂಟೈನ್. ಕ್ರಿಸ್ತನು ತಂದೆ ದೇವರಿಗೆ ಸಮನೆಂಬ ಅದರ ತೀರ್ಪಿಗೆ ತಲೆಬಾಗದ ಪಾದ್ರಿ ಏರಿಯಸ್‌ನನ್ನು ಗಡಿಪಾರು ಮಾಡಿದವನೂ ಅವನೇ. ಹತ್ತೇ ವರ್ಷಗಳಲ್ಲಿ ನಿಕಾಯಾ ಪಕ್ಷದ ಮುಂದಾಳು, ಅಲೆಕ್ಸಾಂಡ್ರಿಯಾದ ಅಥನೇಸಿಯಸ್, ದೂರದ ಟ್ರಿಯರ್ ನಗರಕ್ಕೆ ಗಡಿಪಾರಾದ. ಈಜಿಪ್ಟಿನ ಧಾನ್ಯದ ಹಡಗುಗಳನ್ನು ತಡೆಯುವುದಾಗಿ ಅವನು ಬೆದರಿಸಿದ್ದಾನೆಂದು ಅರಮನೆಗೆ ದೂರು ಒಯ್ದವರು ಅವನ ಸಹಬಿಷಪರೇ.

ಮುಂದಿನ ದೊಡ್ಡ ಬಿರುಕು 451ರ ಕಾಲ್ಸಿಡನ್ ಸಭೆಯದು. ಕ್ರಿಸ್ತನೆಂಬ ಒಬ್ಬನೇ ವ್ಯಕ್ತಿಯಲ್ಲಿ ದೈವ ಮತ್ತು ಮಾನುಷ ಎಂಬ ಎರಡು ಸ್ವಭಾವಗಳಿವೆ ಎಂಬ ಅದರ ನಿರ್ಣಯವನ್ನು ಈಜಿಪ್ಟ್ ಮತ್ತು ಸಿರಿಯಾದ ಬಹುಜನ ಒಪ್ಪಲಿಲ್ಲ. (ನಮ್ಮ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಸಮುದಾಯವೂ ಕಾಲ್ಸಿಡನ್ ಒಪ್ಪದ ಪರಂಪರೆಗೇ ಸೇರಿದ್ದು.) ಒಡೆದದ್ದನ್ನು ಬೆಸೆಯಲು 482ರಲ್ಲಿ ಚಕ್ರವರ್ತಿ ಝೀನೋ ಹೊರಡಿಸಿದ ‘ಹೆನೋಟಿಕಾನ್’ ಎಂಬ ಐಕ್ಯಶಾಸನ ರಾಜಧಾನಿಯ ಪೇಟ್ರಿಯಾರ್ಕ್ (ಮುಖ್ಯ ಬಿಷಪ್) ಅಕಾಸಿಯಸ್‌ನ ಉಪಾಯವಾಗಿತ್ತು. ಅದು ಸ್ವಭಾವಗಳ ಲೆಕ್ಕದ ಗೊಡವೆಗೇ ಹೋಗದೆ ಜಾರಿಕೊಂಡಿತು. ರೋಮಿನ ಪೋಪ್ ಫೆಲಿಕ್ಸ್ 484ರಲ್ಲಿ ಅಕಾಸಿಯಸ್‌ಗೆ ಬಹಿಷ್ಕಾರ ಹಾಕಿದ. ಸನ್ಯಾಸಿಗಳು ಆ ಪತ್ರವನ್ನು, ಪೂಜೆ ನಡೆಯುತ್ತಿರುವಾಗಲೇ, ಪೇಟ್ರಿಯಾರ್ಕನ ನಿಲುವಂಗಿಗೆ ಸಿಕ್ಕಿಸಿಬಿಟ್ಟರು. ಪೂರ್ವ-ಪಶ್ಚಿಮಗಳ ಈ ಮುನಿಸು ಮುಗಿದದ್ದು 519ರಲ್ಲಿ.

535ರ ಶಾಸನವೊಂದರಲ್ಲಿ ಚಕ್ರವರ್ತಿ ಜಸ್ಟಿನಿಯನ್, ಪೌರೋಹಿತ್ಯ ಮತ್ತು ಪ್ರಭುತ್ವಗಳು ದೇವರು ಮನುಷ್ಯರಿಗೆ ಕೊಟ್ಟ ಅತಿದೊಡ್ಡ ವರಗಳೆಂದು ಬರೆಸಿ, ಎರಡರ ನಡುವಿನ ಸಾಮರಸ್ಯವನ್ನು ಕೊಂಡಾಡಿದ. ಆ ಸಾಮರಸ್ಯದ ಬಿಸಿ ಪೋಪ್ ವಿಜಿಲಿಯಸ್‌ಗೆ ಚೆನ್ನಾಗಿಯೇ ತಟ್ಟಿತು. ಕಾಲ್ಸಿಡನ್ ವಿರೋಧಿಗಳನ್ನು ಒಲಿಸಿಕೊಳ್ಳಲು, ಎಂದೋ ತೀರಿಕೊಂಡಿದ್ದ ಮೂವರು ದೇವಶಾಸ್ತ್ರಜ್ಞರನ್ನು ಗುರಿಮಾಡಿ ಖಂಡನೆ ಹೊರಡಿಸಬೇಕೆಂದು ಕಪ್ಪಡೋಸಿಯಾದ ಬಿಷಪ್ ಥಿಯೊಡೋರ್ ಅಸ್ಕಿಡಾಸ್ ಕಿವಿಯೂದಿದ್ದ. ಅದಕ್ಕೆ ಪೋಪನ ಒಪ್ಪಿಗೆ ಬೇಕಿತ್ತು. 545ರಲ್ಲಿ ರೋಮಿನಿಂದ ಹೊತ್ತೊಯ್ಯಲ್ಪಟ್ಟ ವಿಜಿಲಿಯಸ್ 548ರಲ್ಲಿ ಒಪ್ಪಿದ, ಪಶ್ಚಿಮದ ಬಿಷಪರು ತಿರುಗಿಬಿದ್ದ ಮೇಲೆ ಹಿಂದೆ ಸರಿದ. 551ರಲ್ಲಿ ರಾಜಧಾನಿಯ ಚರ್ಚೊಂದರಲ್ಲಿ ಅವನು ಆಶ್ರಯ ಪಡೆದಾಗ ಸೈನಿಕರು ಒಳನುಗ್ಗಿ ಗಡ್ಡ, ಕಾಲು ಹಿಡಿದೆಳೆದರು. ಅವನು ಪೂಜಾವೇದಿಕೆಯ ಕಂಬಗಳನ್ನು ಬಿಗಿಯಾಗಿ ತಬ್ಬಿಕೊಂಡ ರಭಸಕ್ಕೆ ವೇದಿಕೆಯೇ ಅಲುಗಾಡಿತು, ನೆರೆದ ಜನ ರೊಚ್ಚಿಗೆದ್ದು ಕೂಗಿದ್ದರಿಂದ ಸೈನಿಕರು ಕಾಲ್ತೆಗೆಯಬೇಕಾಯಿತು. ಅದೇ ಡಿಸೆಂಬರಿನಲ್ಲಿ ಬಾಸ್ಫರಸ್ ದಾಟಿ ಅವನು ಸೇರಿಕೊಂಡದ್ದು ಕಾಲ್ಸಿಡನ್‌ನ ಸಂತ ಯೂಫೀಮಿಯಾ ಚರ್ಚನ್ನು, ಎಂದರೆ 451ರ ಸಭೆ ನಡೆದ ಸ್ಥಳವನ್ನೇ. 553ರ ಮಹಾಸಭೆ ಅವನ ಗೈರುಹಾಜರಿಯಲ್ಲೇ ನಡೆಯಿತು. ಕೊನೆಗೆ ಮಣಿದು ಊರಿಗೆ ಹೊರಟವನು 555ರಲ್ಲಿ ದಾರಿಯಲ್ಲೇ, ಸಿರಾಕ್ಯೂಸ್‌ನಲ್ಲಿ, ತೀರಿಕೊಂಡ. ಇಷ್ಟೆಲ್ಲ ಆದರೂ ಕಾಲ್ಸಿಡನ್ ವಿರೋಧಿಗಳು ಹತ್ತಿರ ಬರಲಿಲ್ಲ. ಬಲಪ್ರಯೋಗದಿಂದ ಸಹಿ ಸಿಕ್ಕಿತ್ತು, ಐಕ್ಯ ಸಿಕ್ಕಿರಲಿಲ್ಲ.

ಏಳನೆಯ ಶತಮಾನದಲ್ಲಿಯೂ ನಡೆದದ್ದು ಹೀಗೆಯೇ. ಕ್ರಿಸ್ತನಲ್ಲಿ ಸ್ವಭಾವ ಎರಡಿದ್ದರೂ ಸಂಕಲ್ಪ ಒಂದೇ ಎಂಬ ಸೂತ್ರವನ್ನು ಪೇಟ್ರಿಯಾರ್ಕ್ ಸರ್ಜಿಯಸ್ ಹೊಸೆದ, 638ರಲ್ಲಿ ಚಕ್ರವರ್ತಿ ಹೆರಾಕ್ಲಿಯಸ್ ಅದನ್ನು ಶಾಸನವಾಗಿಸಿದ. ಗದ್ದಲ ಹೆಚ್ಚಿದಾಗ, 648ರಲ್ಲಿ ಪೇಟ್ರಿಯಾರ್ಕ್ ಪಾಲ್‌ನ ಸಲಹೆಯಂತೆ ಎರಡನೇ ಕಾನ್‌ಸ್ಟಾನ್ಸ್ ಆ ಚರ್ಚೆಯನ್ನೇ ನಿಷೇಧಿಸಿದ. ಸುಮ್ಮನಿರಲೊಪ್ಪದ ಪೋಪ್ ಮಾರ್ಟಿನ್ ಗಡಿಪಾರಾಗಿ 655ರಲ್ಲಿ ಕ್ರೈಮಿಯಾದ ಖೆರ್ಸೋನ್‌ನಲ್ಲಿ ಸತ್ತ. ಸನ್ಯಾಸಿ ಮ್ಯಾಕ್ಸಿಮಸ್‌ನ ನಾಲಿಗೆಯನ್ನೂ ಬಲಗೈಯನ್ನೂ 662ರಲ್ಲಿ ಕತ್ತರಿಸಲಾಯಿತು.

ಸಂಕಲ್ಪವೂ ಎರಡೆಂಬ ಈ ಇಬ್ಬರ ಮತವೇ ಸರಿಯೆಂದು 680-81ರ ಮಹಾಸಭೆ ನಿರ್ಣಯಿಸಿತು. ಅದು ಶಪಿಸಿದವರ ಪಟ್ಟಿಯಲ್ಲಿ ಸರ್ಜಿಯಸ್, ಪಾಲ್, ಜೊತೆಗೆ ಪೋಪ್ ಹೊನೋರಿಯಸ್ ಕೂಡ ಇದ್ದಾರೆ. ಶಾಸನ ಹೊರಡಿಸಿದ ಹೆರಾಕ್ಲಿಯಸ್ ಆಗಲಿ ಕಾನ್‌ಸ್ಟಾನ್ಸ್ ಆಗಲಿ ಅದರಲ್ಲಿಲ್ಲ. ಸಭೆಯ ಅಧ್ಯಕ್ಷಪೀಠದಲ್ಲಿ ಕೂತಿದ್ದವನು ಕಾನ್‌ಸ್ಟಾನ್ಸ್‌ನ ಮಗ, ನಾಲ್ಕನೇ ಕಾನ್‌ಸ್ಟಂಟೈನ್.