ಗಿಡಕ್ಕೆ ಕಟ್ಟಿದ ಕೋಲು ಬಿಚ್ಚೋದು ಯಾವಾಗ?

ಹೋದ ಆಷಾಢದಲ್ಲಿ ಒಂದಿನ ನಮ್ಮ ರಸ್ತೆಯ ಹೊಂಗೆ ಗಿಡದ ಮುಂದೆ ಕಟಿಂಗ್ ಪ್ಲೇಯರ್ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ದೆ. ಮೂರು ವರ್ಷದ ಹಿಂದೆ ಪರಿಸರ ದಿನಕ್ಕೆ ಯಾರೋ ನೆಟ್ಟಿದ್ದ ಗಿಡ, ಪಕ್ಕದಲ್ಲೊಂದು ಸರ್ವೆ ಗಳ ಊರಿ ಎದೆ ಎತ್ತರದಲ್ಲಿ ಬೈಂಡಿಂಗ್ ವೈರ್ ಸುತ್ತಿ ಬಿಗಿಯಾಗಿ ಕಟ್ಟಿ ಹೋಗಿದ್ರು. ಗಳದ ಬುಡಕ್ಕೆ ಗೆದ್ದಲು ಹಿಡಿದು ಅದು ಯಾವಾಗ್ಲೋ ಮುರಿದಿದೆ, ಈಗ ಗಿಡವೇ ಗಳನ ಹೊತ್ಕೊಂಡು ನಿಂತಿತ್ತು. ವೈರ್ ಒಂದು ಕಡೆ ತೊಗಟೆ ಒಳಗೇ ಹೋಗ್ಬಿಟ್ಟಿದೆ, ಕಾಣಿಸೋದೇ ಇಲ್ಲ, ಅದರ ಮೇಲ್ಗಡೆ ಕಾಂಡ ಊದ್ಕೊಂಡಿದೆ, ಕೆಳಗಡೆ ಸಣ್ಣಕ್ಕೇ ಉಳಿದಿದೆ, ಬಿಗಿ ಉಂಗುರ ಹಾಕಿದ ಬೆರಳಿನ ಥರ.

ಊತ ಮೇಲ್ಗಡೆನೇ ಯಾಕೆ ಅಂದ್ರೆ, ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯೋದು ತೊಗಟೆಯ ಒಳಪದರದಲ್ಲಿ, ನೀರು ಮೇಲೆ ಹತ್ತೋದು ಅದಕ್ಕಿಂತ ಒಳಗಿರೋ ಕಟ್ಟಿಗೆಯಲ್ಲಿ. ವೈರ್ ಮೊದಲು ಹಿಸುಕೋದು ಹೊರಗಿನ ದಾರಿನ. ಹಾಗಾಗಿ ನೀರು ಹತ್ತುತ್ತಾನೇ ಇರತ್ತೆ, ಎಲೆ ಹಸಿರಾಗೇ ಕಾಣತ್ತೆ, ಓಡಾಡೋರೆಲ್ಲ ಗಿಡ ಚೆನ್ನಾಗಿ ಹತ್ಕೊಂಡಿದೆ ಅಂತಾರೆ, ಕೆಳಗೆ ಬೇರು ಮಾತ್ರ ಉಪವಾಸ ಬೀಳತ್ತೆ.

ಕಟ್ಟಿದೋರ ಮೇಲೆ ನನಗೆ ಸಿಟ್ಟಿಲ್ಲ, ಗಿಡ ಉಳೀಲಿ ಅಂತಾನೇ ಕಟ್ಟಿರ್ತಾರೆ. ನಮ್ಮ ಕೈಗೆ ಈ ಅಭ್ಯಾಸ ತೋಟದಿಂದ ಬಂದಿದ್ದು ಅಂತ ನನ್ನ ಲೆಕ್ಕ. ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಡ್ತೀವಿ, ಟೊಮ್ಯಾಟೊಗೆ ಕಡ್ಡಿ ನೆಡ್ತೀವಿ, ಮೆಣಸಿನ ಬಳ್ಳಿನ ಮರಕ್ಕೆ ಹಬ್ಬಿಸ್ತೀವಿ, ಅವಕ್ಕೆಲ್ಲ ಕೊನೇವರೆಗೂ ಆಸರೆ ಬೇಕೇ ಬೇಕು. ಬಾಳೆ ನೋಡೋಕೆ ಮರ ಇದ್ದಂಗಿದ್ರೂ ಅದು ಕಾಂಡ ಅಲ್ಲ, ಎಲೆಬುಡಗಳು ಒಂದರ ಮೇಲೊಂದು ಸುತ್ತಿಕೊಂಡಿರೋದು, ಅದರಲ್ಲಿ ಕಟ್ಟಿಗೆ ಬೆಳೆಯಲ್ಲ. ಹೊಂಗೆ, ಬೇವು, ನೇರಳೆ ಹಾಗಲ್ಲ, ಅವು ವರ್ಷ ವರ್ಷ ತೊಗಟೆ ಕೆಳಗೆ ಹೊಸ ಕಟ್ಟಿಗೆ ಹಾಕ್ಕೊಂಡು ಹೋಗ್ತವೆ, ಮತ್ತೆ ಎಲ್ಲಿ ಎಷ್ಟು ಹಾಕ್ಬೇಕು ಅಂತ ಅವಕ್ಕೆ ಗೊತ್ತಾಗೋದರಲ್ಲಿ ಗಾಳಿದು ದೊಡ್ಡ ಪಾತ್ರ.

ಇದನ್ನ ಇಂಗ್ಲೆಂಡಿನ ಸಸ್ಯವಿಜ್ಞಾನಿ ಥಾಮಸ್ ಆಂಡ್ರ್ಯೂ ನೈಟ್ 1803ರಲ್ಲೇ ಬರೆದಿಟ್ಟಿದ್ದಾರೆ. ಸೇಬಿನ ಎಳೇ ಗಿಡಗಳನ್ನ ತಗೊಂಡು ಬುಡದಿಂದ ಸುಮಾರು ಮೂರು ಅಡಿವರೆಗೆ ಅಲ್ಲಾಡದ ಹಾಗೆ ಗೂಟಕ್ಕೆ ಕಟ್ಟಿದ್ರು, ಆಗ ಕಟ್ಟಿದ ಭಾಗ ಅಷ್ಟಾಗಿ ದಪ್ಪ ಆಗ್ಲಿಲ್ಲ, ಮೇಲೆ ಆಡ್ತಿದ್ದ ಭಾಗ ದಪ್ಪ ಆಯ್ತು. ಇನ್ನೊಂದು ಗಿಡನ ಉತ್ತರ-ದಕ್ಷಿಣಕ್ಕೆ ಮಾತ್ರ ತೂಗೋ ಹಾಗೆ ಬಿಟ್ರು, ಅದರ ಕಾಂಡ ದುಂಡಗೆ ಬೆಳೀಲೇ ಇಲ್ಲ, ಉತ್ತರ-ದಕ್ಷಿಣ ದಪ್ಪ 13 ಪಾಲು ಇದ್ರೆ ಪೂರ್ವ-ಪಶ್ಚಿಮ 11 ಪಾಲು. ಅಂದ್ರೆ ಯಾವ ಕಡೆ ಬಾಗಬೇಕಾಯ್ತೋ ಆ ಕಡೆಗೇ ಗಿಡ ಕಟ್ಟಿಗೆ ತುಂಬಿಕೊಳ್ತು.

1971ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ ಮತ್ತು ಹ್ಯಾರಿಸ್ ಅನ್ನೋರು ಲಿಕ್ವಿಡಾಂಬರ್ ಅನ್ನೋ ಜಾತಿಯ ಮರದ ಎಳೇ ಗಿಡಗಳನ್ನ ಗ್ರೀನ್‌ಹೌಸ್‌ನಲ್ಲಿಟ್ಟು ದಿನಕ್ಕೆ ಬರೀ 30 ಸೆಕೆಂಡ್ ಅಲ್ಲಾಡಿಸ್ತಾ ಬಂದ್ರು. 27 ದಿನ ಆದ್ಮೇಲೆ ನೋಡಿದ್ರೆ, ಸುಮ್ನೆ ಬಿಟ್ಟ ಗಿಡಗಳು ಎಷ್ಟು ಎತ್ತರ ಬೆಳೆದಿದ್ವೋ ಅದರ 20ರಿಂದ 30 ಪರ್ಸೆಂಟ್ ಅಷ್ಟೇ ಇವು ಬೆಳೆದಿದ್ದು! ಬಾಗಿದಾಗ ಜೀವಕೋಶಗಳು ಎಳೆದಂಗಾಗತ್ತೆ, ಅದರಿಂದ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗತ್ತೆ, ಎಥಿಲೀನ್ ಥರದ ಹಾರ್ಮೋನುಗಳು ಏಳ್ತವೆ, ಎತ್ತರದ ಬೆಳವಣಿಗೆ ನಿಧಾನ ಆಗಿ ಗಿಡ ದಪ್ಪ ಆಗೋದರ ಕಡೆ ತಿರುಗತ್ತೆ. ದಪ್ಪ ಅಂದ್ರೆ ಸಣ್ಣ ಮಾತಲ್ಲ, ಕಾಂಡದ ದಪ್ಪ ಎರಡರಷ್ಟಾದ್ರೆ ಬಾಗದೇ ನಿಲ್ಲೋ ಬಿಗಿತ 16 ಪಟ್ಟು ಆಗತ್ತೆ. ಬೇರೂ ಅಷ್ಟೇ, ಗಾಳಿ ಬರೋ ಕಡೆ, ಗಾಳಿ ಹೋಗೋ ಕಡೆ ಬೇರುಗಳು ಜಾಸ್ತಿ ಬಲಿತವೆ.

ಎದೆ ಎತ್ತರದಲ್ಲಿ ಬಿಗಿಯಾಗಿ ಕಟ್ಟಿದ ಗಿಡಕ್ಕೆ ಇದ್ಯಾವುದೂ ಸಿಗಲ್ಲ. ಕಂಬದಾಸರೆಯಲ್ಲಿ ಮೇಲೆ ಮೇಲೆ ಹೋಗತ್ತೆ, ಬುಡ ತೆಳ್ಳಗೇ ಇರತ್ತೆ, ತುದಿಯಲ್ಲಿ ಎಲೆ ಭಾರ, ಒಂದಿನ ಹಗ್ಗ ಕಿತ್ತೋದ್ರೆ ಬಾಗಿ ನೆಲ ಮುಟ್ಟತ್ತೆ, ಇಲ್ಲಾ ಜೋರು ಗಾಳಿಗೆ ಕಟ್ಟಿದ ಜಾಗದಲ್ಲೇ ಲಟಕ್ ಅಂತ ಮುರಿಯತ್ತೆ, ಯಾಕಂದ್ರೆ ಬಗ್ಗೋ ಒತ್ತಡ ಎಲ್ಲಾ ಅದೊಂದೇ ಜಾಗಕ್ಕೆ ಬೀಳತ್ತೆ.

ಹಾಗಂತ ಕೋಲೇ ಬೇಡ ಅಂತಲ್ಲ. ನರ್ಸರಿಯಲ್ಲಿ ಪಾಲಿಥಿನ್ ಚೀಲಗಳನ್ನ ಒತ್ತೊತ್ತಾಗಿ ಇಟ್ಟಿರ್ತಾರೆ, ಗಿಡಗಳು ಬೆಳಕಿಗೆ ಪೈಪೋಟಿ ಬಿದ್ದು ಕಡ್ಡಿ ಥರ ಉದ್ದ ಆಗಿರ್ತವೆ, ಅಂಥದನ್ನ ತಂದು ವನಮಹೋತ್ಸವ ಅಂತ ಜುಲೈನಲ್ಲಿ ಸರಿಯಾಗಿ ಆಷಾಢದ ಗಾಳಿಗೇ ನೆಡ್ತೀವಿ. ಆಗ ತೊಂದರೆ ಆಗೋದು ಕಾಂಡಕ್ಕಿಂತ ಬೇರಿಗೆ. ಗಿಡ ತೂಗಿದಾಗೆಲ್ಲ ಚೀಲದ ಮಣ್ಣುಂಡೆ ಗುಂಡಿಯೊಳಗೆ ಅಲ್ಲಾಡಿದ್ರೆ ಆಗಷ್ಟೇ ಹೊರಗೆ ಬಂದ ಕೂದಲಿನಂಥ ಬೇರು ಕಿತ್ತುಬರತ್ತೆ. ಕೋಲು ಬೇಕಾಗಿರೋದು ಬುಡ ಅಲ್ಲಾಡ್ದಿರೋಕೆ, ತಲೆ ಆಡ್ತಾ ಇರ್ಲಿ.

ಎಷ್ಟು ಎತ್ತರದಲ್ಲಿ ಕಟ್ಬೇಕು ಅಂತ ಗಿಡನೇ ಕೇಳಬಹುದು. ಒಂದು ಕೈಯಲ್ಲಿ ಕಾಂಡನ ಕೆಳಗೆ ಹಿಡ್ಕೊಂಡು ಇನ್ನೊಂದು ಕೈಯಿಂದ ತುದಿ ಬಗ್ಗಿಸಿ ಬಿಡಿ, ವಾಪಸ್ ನೆಟ್ಟಗಾಗ್ಲಿಲ್ಲ ಅಂದ್ರೆ ಹಿಡಿದ ಕೈ ಸ್ವಲ್ಪ ಮೇಲಕ್ಕೆ ತಗೊಳ್ಳಿ, ಎಲ್ಲಿ ಹಿಡಿದಾಗ ತಾನಾಗೇ ನೆಟ್ಟಗಾಗತ್ತೋ ಅದಕ್ಕಿಂತ ಅರ್ಧ ಅಡಿ ಮೇಲೆ ಕಟ್ಟಿದ್ರೆ ಸಾಕು. ಕೆಳಗೆ ಹಿಡಿದಾಗ್ಲೇ ನೆಟ್ಟಗೆ ನಿಲ್ತು, ಬುಡನೂ ಅಲ್ಲಾಡ್ತಿಲ್ಲ ಅಂದ್ರೆ ಕೋಲೇ ಬೇಡ. ಮಳೆಗಾಲದ ಗಾಳಿ ನಮ್ಮಲ್ಲಿ ಪಶ್ಚಿಮದ ಕಡೆಯಿಂದ ಬರೋದ್ರಿಂದ ಒಂದೇ ಕೋಲಾದ್ರೆ ಪಶ್ಚಿಮಕ್ಕೇ ಊರಿ, ಆಗ ಗಿಡ ಕೋಲಿಗೆ ಉಜ್ಜಲ್ಲ, ಅದೂ ಮಣ್ಣು ತುಂಬೋ ಮೊದಲೇ, ಆಮೇಲೆ ಹೊಡೆದ್ರೆ ಬೇರಿನುಂಡೆ ಸೀಳಿಹೋಗತ್ತೆ. ಕಟ್ಟೋಕೆ ಹಳೇ ಸೈಕಲ್ ಟ್ಯೂಬೋ ಗೋಣಿಚೀಲದ ಅಗಲ ಪಟ್ಟಿನೋ ಎಂಟರ ಆಕಾರದಲ್ಲಿ ಸಡಿಲವಾಗಿ. ವೈರ್ ಅಂತೂ ಬೇಡವೇ ಬೇಡ, ನೈಲಾನ್ ಹಗ್ಗನೂ ಬೇಡ. ಕೆಳಗಿನ ಸಣ್ಣ ರೆಂಬೆಗಳನ್ನ ಕ್ಲೀನ್ ಕಾಣ್ಲಿ ಅಂತ ಸವರಬೇಡಿ, ಬುಡ ದಪ್ಪ ಆಗೋಕೆ ಆ ಎಲೆಗಳ ಊಟ ಬೇಕು. ದನ ಮೇಕೆ ಕಾಟ ಇದ್ರೆ ಗಿಡಕ್ಕೆ ತಾಗದ ಹಾಗೆ ದೂರದಲ್ಲಿ ಮುಳ್ಳುಬೇಲಿ ಹಾಕಿ. ಮುಂದಿನ ಮಳೆಗಾಲದ ಹೊತ್ತಿಗೆ ಬಿಚ್ಚಿ ನೋಡಿ, ನಿಂತ್ಕೊಳ್ತು ಅಂದ್ರೆ ಕೋಲು ತೆಗೆದುಬಿಡಿ.

ನಮ್ಮ ಹೊಂಗೆಗೆ ವೈರ್ ಹೊರಗೆ ಕಾಣ್ತಿದ್ದ ಎರಡು ಕಡೆ ಕಟ್ ಮಾಡಿ ಗಳ ಇಳಿಸಿದೆ. ತೊಗಟೆ ಒಳಗೆ ಹೋಗಿದ್ದನ್ನ ಕೆದಕೋಕೆ ಹೋಗ್ಲಿಲ್ಲ, ಕೆದಕಿದ್ರೆ ಇರೋ ತೊಗಟೆನೂ ಹೋಗತ್ತೆ, ಅದು ಒಳಗೇ ಇರತ್ತೆ ಇನ್ನು. ಗಳ ಇಳಿಸಿದ ತಕ್ಷಣ ಗಿಡ ಒಂದು ಕಡೆ ವಾಲ್ತು, ಅದಕ್ಕೆ ಮೊಣಕಾಲೆತ್ತರದಲ್ಲಿ ಟ್ಯೂಬ್ ಪಟ್ಟಿ ಹಾಕಿ ಇನ್ನೊಂದು ಕೋಲು ಕೊಟ್ಟಿದ್ದೆ. ಈ ಸಲ ಮಳೆ ಶುರು ಆದಾಗ ಅದನ್ನೂ ಬಿಚ್ಚಿದೀನಿ. ಗಾಯದ ಗೀರು ಹಾಗೇ ಇದೆ, ಅದರ ಕೆಳಗಿನ ಕಾಂಡ ಹೋದ ವರ್ಷ ನನ್ನ ಹೆಬ್ಬೆರಳು ತೋರುಬೆರಳಿನ ಸುತ್ತಿಗೆ ಸಿಗ್ತಿತ್ತು, ಈಗ ಎರಡು ಬೆರಳು ಕೂಡಲ್ಲ.