ಪೈಕಾ: ಹುಲ್ಲು ತಿನ್ನುವ ನಾಯಿಗೆ ಈ ಪದ ಹೊಂದುತ್ತಾ?

ಬೆಳಿಗ್ಗೆ ನಮ್ಮ ನಾಯಿ ಮೋತಿಯನ್ನು ಕರೆದುಕೊಂಡು ಕಲಬುರಗಿಯ ಅಪ್ಪನ ಕೆರೆ ಕಡೆ ಹೋದಾಗಲೆಲ್ಲ ಅವನು ಕರಕಿ ಬೆಳೆದ ಒಂದು ಜಾಗದಲ್ಲಿ ನಿಂತೇ ಬಿಡುತ್ತಾನೆ. ಒಣಗಿದ ಹುಲ್ಲನ್ನು ಮೂಸಿ ಬಿಡುತ್ತಾನೆ. ಎಳೆ ಚಿಗುರು ಸಿಕ್ಕರೆ ಮಾತ್ರ ತಲೆ ಓರೆ ಮಾಡಿ, ದವಡೆ ಹಲ್ಲಿನಿಂದ ಹಿಡಿದು ಎಳೆಯುತ್ತಾನೆ. ಅಗಿಯುವುದು ಕಡಿಮೆ, ನುಂಗುವುದೇ ಜಾಸ್ತಿ. ಒಮ್ಮೆ ಇದನ್ನು ನೋಡಿದ ಪಕ್ಕದ ಮನೆ ಕಾಕಾ, "ಹೊಟ್ಟಿ ಕೆಟ್ಟದ ನೋಡ್ರಿ, ಅದಕ್ಕೇ ಹುಲ್ಲು ತಿನ್ಲಾಕತ್ತದ" ಅಂದರು. ಅವರ ಮಗ ಮೊಬೈಲಿನಲ್ಲಿ ಹುಡುಕಿ, "ಇದಕ್ಕ ಪೈಕಾ ಅಂತಾರ" ಅಂದ. ಆ ಹೆಸರು ಕೇಳಿ ನನಗೆ ಗಾಬರಿಯಾಯಿತು.

ಪೈಕಾ ಅಂದರೆ ಆಹಾರವಲ್ಲದ್ದನ್ನು ಬಿಡದೆ ತಿನ್ನುವ ಚಟ. ಪದ ಲ್ಯಾಟಿನ್ನಿನದು, ಅಲ್ಲಿ ಅದು ಒಂದು ಹಕ್ಕಿಯ ಹೆಸರು. ಕಾಗೆಯ ಕುಲದ್ದು, ನಮ್ಮ ಮಟಪಕ್ಷಿಗೂ ಸಂಬಂಧಿ. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ ಅಂತ ಜನ ನಂಬಿದ್ದರಿಂದ ಅದರ ಹೆಸರೇ ಈ ಚಟಕ್ಕೂ ಬಂತು. ನಮಗೆ ಇದು ಹೊಸದೇನಲ್ಲ. ಮಕ್ಕಳು ಬಳಪ ತಿನ್ನುವುದು, ಗೋಡೆಯ ಸುಣ್ಣ ಕೆರೆದು ನೆಕ್ಕುವುದು, ಬಸುರಿಯರು ಮಣ್ಣು ತಿನ್ನುವುದು ಎಲ್ಲ ಪೈಕಾನೇ. ಎಷ್ಟೋ ಸಲ ಇದರ ಜೊತೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇರುತ್ತದೆ. ನಾಯಿಗಳಲ್ಲಿ ಅಂದರೆ ಕಲ್ಲು, ಬಟ್ಟೆ, ಪ್ಲಾಸ್ಟಿಕ್ ನುಂಗುವುದು. ಅದು ನಿಜಕ್ಕೂ ಅಪಾಯ, ಕರುಳಿಗೆ ಸಿಕ್ಕಿಹಾಕಿಕೊಂಡರೆ ಆಪರೇಷನ್ನೇ ಗತಿ.

ಹುಲ್ಲನ್ನೂ ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನವರು ಪ್ರಕಟಿಸಿದ ಸಮೀಕ್ಷೆಯಲ್ಲಿ 1,571 ನಾಯಿಗಳ ವಿವರ ಇತ್ತು. ಅವುಗಳಲ್ಲಿ ಶೇ 68ರಷ್ಟು ದಿನವೂ ಅಥವಾ ವಾರಕ್ಕೊಮ್ಮೆಯಾದರೂ ಹುಲ್ಲೋ ಗಿಡವೋ ತಿನ್ನುತ್ತಿದ್ದವು. ತಿನ್ನುವ ಮೊದಲು ಹುಷಾರಿಲ್ಲದಂತೆ ಕಾಣುತ್ತಿದ್ದದ್ದು ಬರೀ ಶೇ 8. ತಿಂದ ಮೇಲೆ ಆಗಾಗ ವಾಂತಿ ಮಾಡುತ್ತಿದ್ದದ್ದು ಶೇ 22. ಅಂದರೆ ಹೊಟ್ಟೆ ಕೆಟ್ಟಿದ್ದಕ್ಕೇ ತಿನ್ನುತ್ತದೆ ಅನ್ನುವ ಕಾಕಾನ ಮಾತು ಹೆಚ್ಚಿನ ನಾಯಿಗಳ ಮಟ್ಟಿಗೆ ನಿಲ್ಲುವುದಿಲ್ಲ, ಅಲ್ವಾ? ಕಾಡಿನ ತೋಳಗಳೂ ಹುಲ್ಲು ತಿನ್ನುತ್ತವೆ. ಹೊಟ್ಟೆಯ ಹುಳ ಹೊರಹೋಗಲಿ ಅಂತ ಬಂದಿರುವ ಹಳೆ ಅಭ್ಯಾಸ ಇರಬಹುದು ಅನ್ನುವುದು ಆ ಸಂಶೋಧಕರ ಊಹೆ. ಹುಲ್ಲಿನ ನಾರು ನಾಯಿಗೆ ಜೀರ್ಣವಾಗುವುದಿಲ್ಲ, ಹಸಿರು ಹಸಿರಾಗಿಯೇ ಮಲದಲ್ಲಿ ಹೊರಬರುತ್ತದೆ. ನಾರು ಕಡಿಮೆ ಇರುವ ಊಟದಿಂದಲೂ ಕೆಲವು ನಾಯಿಗಳು ಹೀಗೆ ಮಾಡಬಹುದು. ಅದಕ್ಕೇ ಮೋತಿಗೆ ಅನ್ನ ಹಾಲಿನ ಜೊತೆ ಜೋಳದ ರೊಟ್ಟಿ, ಬೇಯಿಸಿದ ಗಜ್ಜರಿ ಹಾಕುತ್ತೇವೆ. ಉಳ್ಳಾಗಡ್ಡಿ ಬೆರೆತ ಪಲ್ಯ ಮಾತ್ರ ಬೇಡವೇ ಬೇಡ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ವಿಷ.

ಹಾಗಂತ ಎಲ್ಲಿ ಬೇಕಾದರೂ ಮೇಯಲು ಬಿಡಬೇಡಿ. ಹುಲ್ಲಿಗಿಂತ ಹುಲ್ಲಿನ ಮೇಲೆ ಬಿದ್ದಿದ್ದೇ ಹೆದರಿಕೆ. ನಮ್ಮದು ತೊಗರಿ ಸೀಮೆ. ಹೂವು ಕಾಯಿ ಬಿಡುವ ಹೊತ್ತಿಗೆ ಕಾಯಿಕೊರಕ ಹುಳಕ್ಕೆ ಹೊಲದ ತುಂಬಾ ಎಣ್ಣಿ, ಅಂದರೆ ಕೀಟನಾಶಕ, ಹೊಡೆಯುತ್ತಾರೆ, ಬದುವಿನ ಹುಲ್ಲಿಗೂ ಅದು ಬಿದ್ದೇ ಬೀಳುತ್ತದೆ. ಯಾದಗಿರಿ ಕಡೆಯ ಹತ್ತಿ ಹೊಲಗಳಲ್ಲೂ ಇದೇ ಕಥೆ. ಎಣ್ಣಿ ಹೊಡೆದ ಹುಲ್ಲು ತಿಂದ ನಾಯಿ ಜೊಲ್ಲು ಸುರಿಸಿ ನಡುಗತೊಡಗಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಆ ಎಣ್ಣಿಯ ಬಾಟಲಿ ಸಿಕ್ಕರೆ ಅದನ್ನೂ ಹಿಡಿದು ತಕ್ಷಣ ಪಶು ಆಸ್ಪತ್ರೆಗೆ ಓಡಿ. ಕಣಗಿಲ ಗಿಡದ ಹತ್ತಿರವೂ ಬಿಡಬೇಡಿ, ಅದರ ಎಲೆ, ಹೂವು ಎಲ್ಲ ವಿಷ. ಮಳೆಗಾಲ ಮುಗಿದ ಮೇಲೆ ಬಟ್ಟೆಗೆ ಚುಚ್ಚಿಕೊಳ್ಳುವ ಮುಳ್ಳುಬೀಜದ ಹುಲ್ಲು ಒಸಡಿಗೆ, ಮೂಗಿಗೆ, ಕಾಲ್ಬೆರಳ ಸಂದಿಗೆ ಹೊಕ್ಕು ಕೀವು ಮಾಡುತ್ತದೆ. ಹುಲ್ಲಿನಲ್ಲಿ ಓಡಾಡಿ ಬಂದಾಗ ಕಿವಿಯ ಹಿಂದೆ ಉಣ್ಣಿ ಹತ್ತಿದೆಯಾ ಅಂತಲೂ ನೋಡಿ, ಉಣ್ಣಿಯಿಂದ ಬರುವ ಜ್ವರಕ್ಕೆ ಎಷ್ಟೋ ನಾಯಿಗಳು ಸಾಯುತ್ತವೆ.

ಒಮ್ಮೊಮ್ಮೆ ಹಳದಿ ನೊರೆ ಕಕ್ಕಿ, ಆಮೇಲೆ ಬಾಲ ಆಡಿಸಿಕೊಂಡು ಊಟ ಮಾಡಿದರೆ ಚಿಂತೆ ಬೇಡ. ಖಾಲಿ ಹೊಟ್ಟೆಯ ಪಿತ್ತ ಅದು. ಆದರೆ ಎಂದೂ ತಿನ್ನದ ನಾಯಿ ಇದ್ದಕ್ಕಿದ್ದಂತೆ ಹಸಿದವರ ಹಾಗೆ ಹುಲ್ಲು ಮುಕ್ಕುವುದು, ಮೇಲಿಂದ ಮೇಲೆ ವಾಂತಿ, ಮಲದಲ್ಲಿ ರಕ್ತ, ಊಟ ಬಿಡುವುದು, ಮೂಲೆ ಹಿಡಿದು ಮಲಗುವುದು, ಇವುಗಳಲ್ಲಿ ಒಂದು ಕಂಡರೂ ಡಾಕ್ಟರಿಗೆ ತೋರಿಸಿ. ಮಲದ ಸ್ವಲ್ಪ ಭಾಗ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಹುಳ ಇದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಬೀದರಿನವರಿಗಂತೂ ಊರಿನ ಪಕ್ಕದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ.

ನಾವು ಈಗ ಒಂದು ಹಳೇ ಬಕೆಟ್ಟಿಗೆ ಮಣ್ಣು ತುಂಬಿ ಕರಕಿ ನೆಟ್ಟಿದ್ದೇವೆ. ನೀರು ಬಿಟ್ಟರೆ ಅದಕ್ಕೆ ಬೇರೇನೂ ಹಾಕುವುದಿಲ್ಲ. ಬೇಸಿಗೆಯಲ್ಲಿ ಹೊರಗೆಲ್ಲ ಒಣಗಿ ಹೋದಾಗ ಮೋತಿ ನೇರ ಅದರ ಮುಂದೆ ಹೋಗಿ ಕೂರುತ್ತಾನೆ.